ಯಾವ ರಾವ್ ಎಂದು ಬರೆಯಲಿ

ಮಾನ್ಯರೇ,

ನಮ್ಮ ಕಡೆಯ ಒಂದು ವಾಚನಾಲಯದಲ್ಲಿ ಕಾದಂಬರಿಗಳ ಬೆನ್ನಿಗೆ ಅಂಟಿಸಿದ ಚೀಟಿಗಳಲ್ಲಿ ಬರೀ ‘ರಾವ್’ ಎಂದಿದೆ. ಯಾವ ರಾವ್? ಕನ್ನಡ ಕಾದಂಬರಿಯಲ್ಲಿ ಅವರು ಒಬ್ಬಿಬ್ಬರಲ್ಲ. 1899ರ ‘ಇಂದಿರಾಬಾಯಿ’ ಗುಲ್ವಾಡಿ ವೆಂಕಟರಾಯರದು. 1905ರ ‘ವಾಗ್ದೇವಿ’ ಬೋಳಾರ ಬಾಬುರಾಯರದು. ಮರುವರ್ಷದ ‘ರೋಹಿಣಿ’ ಗುಲ್ವಾಡಿ ಅಣ್ಣಾಜಿರಾಯರದು. ಊರ ಹೆಸರೂ ಒಂದೇ ಆದರೆ ಮಕ್ಕಳಿಗೆ ಗೊಂದಲ ಆಗೋದು ಸಹಜ ಅಲ್ವಾ? ಅ.ನ.ಕೃ., ತ.ರಾ.ಸು. ಕೂಡ ರಾವ್‌ಗಳೇ.

ನನಗೆ ಜಾಸ್ತಿ ಬೇಸರವಾದದ್ದು ‘ಚಿರಸ್ಮರಣೆ’ಯ ವಿಷಯದಲ್ಲಿ. ನಿರಂಜನ ಅಂದರೆ ಕುಳಕುಂದ ಶಿವರಾವ್. ನೀಲೇಶ್ವರದಲ್ಲಿ ಓದಿದವರು. ನಮ್ಮದೇ ಕಯ್ಯೂರಿನ ರೈತರ ಹೋರಾಟವನ್ನು, 1943ರಲ್ಲಿ ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿದ ನಾಲ್ವರನ್ನು ಕನ್ನಡದಲ್ಲಿ ಕಾದಂಬರಿಯಾಗಿಸಿದವರು. ಆ ಪುಸ್ತಕ ‘ರಾವ್’ ಗುಂಪಿನಲ್ಲಿ ಸೇರಿಹೋಗಿತ್ತು. ನಿರಂಜನರ ಪುಸ್ತಕ ಕೇಳಿ ಬಂದ ಹುಡುಗಿಯನ್ನು ‘ಇಲ್ಲ’ ಎಂದು ಕಳಿಸಿಬಿಟ್ಟರು!

ಗಡಿನಾಡಿನಲ್ಲಿ ಇರುವ ಕನ್ನಡ ಪುಸ್ತಕವೂ ಕೈಗೆ ಸಿಗದಿದ್ದರೆ ಹೇಗೆ? ಚೀಟಿಯಲ್ಲಿ ಊರು, ಪೂರ್ತಿ ಹೆಸರು, ಕಾವ್ಯನಾಮ ಮೂರನ್ನೂ ಬರೆಯಲಿ. ಕನ್ನಡ ಮಾಸ್ಟ್ರುಗಳು, ಹೈಸ್ಕೂಲ್ ಮಕ್ಕಳು ರಜೆಯಲ್ಲಿ ಕೂತರೆ ಮುಗಿಯುವ ಕೆಲಸ. ಕರೆದರೆ ನಾನೂ ಬರುತ್ತೇನೆ.

– ಒಬ್ಬ ಓದುಗ, ಕಾಸರಗೋಡು