ನೋಂದಣಿಯ ಸಂಖ್ಯೆ, ನಡುಗುವ ಕೈ

ಬಾಗಲಕೋಟೆ

ಚಿ. ಸವಿತಾಳಿಗೆ ದೊಡ್ಡವ್ವನ ಆಶೀರ್ವಾದಗಳು.

ಬೆಳಗಾವಿಯಿಂದ ನೀನು ಬರೆದ ಕಾಗದ ತಲುಪಿತು. "ನರ್ಸ್ ಎಂದು ನೋಂದಣಿಯಾದ ಮೇಲೂ ನನ್ನ ಕೈಯಿಂದ ಒಬ್ಬ ರೋಗಿಗೆ ಹೆಚ್ಚುಕಡಿಮೆಯಾದರೆ ಆ ಪ್ರಮಾಣಪತ್ರ ಏನು ಮಾಡೀತು?" ಎಂಬ ಸಾಲು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು.

ಇಂಥದೇ ಶಂಕೆ ಫ್ಲಾರೆನ್ಸ್ ನೈಟಿಂಗೇಲ್ ಅವರಿಗೂ ಇತ್ತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ತೆರೆಸಿದ ಅವರೇ ಮುಂದೆ ದಾದಿಯರ ನೋಂದಣಿಯನ್ನು ವಿರೋಧಿಸಿದರು. ಒಳ್ಳೆಯ ದಾದಿಯ ಗುಣವನ್ನು ಪರೀಕ್ಷೆ ಅಳೆಯಲಾರದು ಎಂಬುದು ಅವರ ವಾದ. ಎಥೆಲ್ ಬೆಡ್‌ಫೋರ್ಡ್ ಫೆನ್ವಿಕ್ ಎಂಬ ಬ್ರಿಟಿಷ್ ದಾದಿ ಇದನ್ನು ಒಪ್ಪದೆ 1887ರಲ್ಲಿ ದಾದಿಯರ ಸಂಘ ಕಟ್ಟಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. ನ್ಯೂಜಿಲೆಂಡ್ 1901ರಲ್ಲೇ ಕಾಯ್ದೆ ತಂದಿತು, ಬ್ರಿಟನ್ 1919ರಲ್ಲಿ. ಬ್ರಿಟನ್ನಿನ ನೋಂದಣಿ ಪಟ್ಟಿಯ ಮೊದಲ ಹೆಸರು ಫೆನ್ವಿಕ್ ಅವರದೇ. ನಮ್ಮ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂದದ್ದು 1947ರಲ್ಲಿ. ಈ ಇಸವಿಗಳನ್ನು ನಾನು ಬಾಯಿಪಾಠ ಮಾಡಿ ಪಾಸಾದವಳು. ಅವುಗಳ ಅರ್ಥ ತಿಳಿದದ್ದು ಒಂದು ನೈಟ್ ಡ್ಯೂಟಿಯಲ್ಲಿ.

ನಾನು ಆಗ ಕೆಲಸಕ್ಕಿದ್ದ ಆಸ್ಪತ್ರೆಯ ಓಣಿ ಈಗ ಹಿನ್ನೀರಿನಲ್ಲಿದೆ. ಸಕ್ಕರೆ ಕಾಯಿಲೆಯ ಅಜ್ಜನೊಬ್ಬನ ಕೇಸ್ ಪೇಪರಿನಲ್ಲಿ ಇನ್ಸುಲಿನ್ ಎಂದು ಬರೆದು, ಮುಂದೆ 4 ಹಾಕಿ, ಯುನಿಟ್ ಎನ್ನುವುದಕ್ಕೆ ಇಂಗ್ಲಿಷಿನ 'ಯು' ಅಕ್ಷರವೊಂದನ್ನೇ ಗೀಚಿದ್ದರು. ಅದರ ಬಾಯಿ ಮುಚ್ಚಿಕೊಂಡು ಸೊನ್ನೆಯಂತೆ ಕಂಡಿತು. ಸಿರಿಂಜ್ ತುಂಬಿದಾಗ ಇಷ್ಟು ಬೇಕೇ ಎಂದು ಕೈ ನಡುಗಿತು. ಆದರೂ ಮಲಗಿದ್ದ ಡಾಕ್ಟರರನ್ನು ಎಬ್ಬಿಸಲು ಹೆದರಿ 40 ಯುನಿಟ್ ಕೊಟ್ಟುಬಿಟ್ಟೆ. ನಸುಕಿನಲ್ಲಿ ರಕ್ತದ ಸಕ್ಕರೆ ತೀರಾ ಇಳಿದು ಆ ಅಜ್ಜನ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು, ಕರೆದರೆ ಓಗೊಡಲಿಲ್ಲ. ಗ್ಲೂಕೋಸ್ ಏರಿಸಿ ಉಳಿಸಿಕೊಂಡೆವು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮೌನ ಇಂದಿಗೂ ನನ್ನನ್ನು ಸುಡುತ್ತದೆ. ಪಟ್ಟಿಯಲ್ಲಿ ಹೆಸರಿದ್ದ ನನಗೆ ಡಾಕ್ಟರರನ್ನು ಎಬ್ಬಿಸಿ ಕೇಳುವ ಹಕ್ಕಿತ್ತು, ಕೇಳಲೇಬೇಕಾದ ಹೊಣೆಯೂ ಇತ್ತು. ನಿನ್ನ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ, ಮಗಳೇ.

ಈಗಿನ ಪದ್ಧತಿಗಳು ನಿನಗೇ ಹೆಚ್ಚು ಗೊತ್ತು, ಆದರೂ ಹೇಳದಿರಲಾರೆ. ಯುನಿಟ್ ಎಂಬುದನ್ನು ಪೂರ್ತಿ ಬರೆ. ಅನುಮಾನ ಬಂದರೆ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡಿ ಕೇಳು, ಬೈದರೆ ಬೈಯಲಿ. ತಪ್ಪಾದರೆ ಆ ಗಳಿಗೆಯಲ್ಲೇ ಹೇಳಿಬಿಡು. ನಿನ್ನ ಕೈ ನಡುಗುವುದು ನಿಲ್ಲಲಿ ಎಂದು ಹರಸಲು ನನಗೆ ಮನಸ್ಸು ಬಾರದು. ಆ ರಾತ್ರಿ ನನ್ನನ್ನು ಎಚ್ಚರಿಸಿದ್ದು ಆ ನಡುಕವೊಂದೇ.

ನೋಂದಣಿ ಪತ್ರ ಕೈಗೆ ಬಂದ ದಿನ ಅದರ ಸಂಖ್ಯೆಯನ್ನು ಬರೆದು ಕಳಿಸು. ನನ್ನ ಸಂಖ್ಯೆಯಿರುವ ಹಳೇ ಡೈರಿಯಲ್ಲಿ ಅದರ ಕೆಳಗೆ ಬರೆದಿಡುತ್ತೇನೆ.

ನಿನ್ನ
ದೊಡ್ಡವ್ವ