ಕಣ್ಣು ಮುಚ್ಚಿ ಒಂದು ಫೋಟೋ ಕಳಿಸು

ಮಲ್ಪೆ, ಭಾನುವಾರ

ಪ್ರೀತಿಯ ಅಳಿಯ ಸುರೇಶನಿಗೆ, ಮಾವನ ಆಶೀರ್ವಾದಗಳು.

ನಿನ್ನ ಅಮ್ಮ ಮೊನ್ನೆ ಫೋನಿನಲ್ಲಿ ಅತ್ತಳು. ನಿನ್ನ ಕೆನ್ನೆಯ ಮಚ್ಚೆ ಕುಷ್ಠ ಅಂತ ಗೊತ್ತಾಯಿತಂತೆ, ಮಾತ್ರೆ ಶುರುವಾಗಿದೆಯಂತೆ. ಮಾತ್ರೆ ಶುರುವಾಯಿತು ಅಂದ ಕೂಡಲೇ ನನಗೆ ಅರ್ಧ ಭಾರ ಇಳಿಯಿತು. ಮಾತ್ರೆ ತಪ್ಪದೆ ನುಂಗುವವನಿಂದ ಅದು ಹರಡುವುದಿಲ್ಲ. ರೂಮಿನವರ ಜೊತೆ ಕೂತು ಊಟ ಮಾಡು. ಮೂತ್ರ ಕೆಂಪಗೆ ಹೋದರೆ ಹೆದರಬೇಡ, ಅದು ಮಾತ್ರೆಯ ಬಣ್ಣ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಔಷಧಿ ಕೊಡಲು ಶುರುಮಾಡಿದ ಫಾದರ್ ಮುಲ್ಲರ್ ಅವರು ಆಮೇಲೆ ಕುಷ್ಠದವರಿಗೂ ಆಸರೆ ಕೊಟ್ಟಿದ್ದರು. ಆಗ ಇದನ್ನು ವಾಸಿ ಮಾಡುವ ಮಾತ್ರೆಯೇ ಇರಲಿಲ್ಲ. ಈಗ ಪುಕ್ಕಟೆ ಸಿಗುತ್ತದೆ.

ನಾನು ಬರೆಯಲು ಕೂತದ್ದು ಕಣ್ಣಿನ ವಿಷಯಕ್ಕೆ. ನನ್ನ ಎಡಗಣ್ಣಿಗೆ ಹೂ ಬಿದ್ದಿರುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಬಲೆಯ ಹಗ್ಗ ಬಡಿದದ್ದು ಅಂತ ನಿಮಗೆಲ್ಲ ಹೇಳಿದ್ದೆವು, ಅಲ್ವಾ? ಅದು ಸುಳ್ಳು.

1995ರಲ್ಲಿ ನನಗೂ ಇದೇ ಕಾಯಿಲೆ. ಆಗ 24 ತಿಂಗಳ ಮಾತ್ರೆ, ನಿನಗೆ ಈಗ 12 ಅಂತೆ. ಐದಾರು ತಿಂಗಳು ನುಂಗಿದ ಮೇಲೆ ಕೆನ್ನೆಯ ಮಚ್ಚೆ ಒಮ್ಮೆಲೇ ಕೆಂಪಾಗಿ ಊದಿತು. ಇದಕ್ಕೆ ರಿಯಾಕ್ಷನ್ ಅನ್ನುತ್ತಾರೆ. ಮೈಯೇ ರೋಗಾಣುವಿನ ಮೇಲೆ ತಿರುಗಿ ಬೀಳುತ್ತದೆ, ನಡುವೆ ಸಿಕ್ಕ ನರ ಹಾಳಾಗುತ್ತದೆ. ರೆಪ್ಪೆ ಮುಚ್ಚಿಸುವ ನರ ಕೆನ್ನೆಯಲ್ಲೇ ಹಾದುಹೋಗುವುದು, ನನ್ನ ಎಡಗಣ್ಣಿನ ರೆಪ್ಪೆ ಮುಚ್ಚದಾಯಿತು. ಮನೆಯಲ್ಲಿ ನಾಗದೋಷ ಅಂದರು, ಆಶ್ಲೇಷಾ ಬಲಿ ಆಯಿತು. ಅದನ್ನು ತಪ್ಪು ಅನ್ನಲಾರೆ. ಮರುದಿನವಾದರೂ ಡಾಕ್ಟರಿಗೆ ತೋರಿಸಬೇಕಿತ್ತು. ರೆಪ್ಪೆ ಸೋತು ಆರು ತಿಂಗಳಾಗುವ ಮೊದಲೇ ಸ್ಟೀರಾಯ್ಡ್ ಮಾತ್ರೆ ಸಿಕ್ಕಿದರೆ ಎಷ್ಟೋ ಜನರಿಗೆ ಮತ್ತೆ ಮುಚ್ಚಲು ಬರುತ್ತದೆ. ನಾನು ಹೋಗುವಾಗ ವರ್ಷ ದಾಟಿತ್ತು.

ಅಷ್ಟರಲ್ಲಿ ಆದದ್ದು ಕೇಳು. ಒಂದು ಮಧ್ಯಾಹ್ನ ಮೀನಿನ ದಕ್ಕೆಯಿಂದ ಬಂದು ಊಟಕ್ಕೆ ಕೂತಿದ್ದೆ. ಬಡಿಸುತ್ತಿದ್ದ ನಿನ್ನ ಅಮ್ಮ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. "ಅಣ್ಣಾ, ಕಣ್ಣಲ್ಲಿ ಏನದು?" ಕನ್ನಡಿ ನೋಡಿದರೆ ಕರಿಗುಡ್ಡೆಯ ಮೇಲೆ ಬೂತಾಯಿ ಮೀನಿನ ಹುರುಪೆ ಅಂಟಿಕೊಂಡಿದೆ, ಮಿರಮಿರ ಹೊಳೆಯುತ್ತಿದೆ. ಬೆಳಿಗ್ಗೆ ಬಿದ್ದದ್ದೋ ಹಿಂದಿನ ದಿನದ್ದೋ, ದೇವರಿಗೇ ಗೊತ್ತು. ಚೂರೂ ನೋವಿರಲಿಲ್ಲ. ಕಣ್ಣಿಗೆ ಸ್ಪರ್ಶ ತಿಳಿಸುವ ನರವೂ ಸತ್ತಿತ್ತು. ನನ್ನ ಅಮ್ಮ ನಂದಿಬಟ್ಟಲು ಹೂವಿನ ರಸ ಬಿಟ್ಟರು. ಮೆಡಿಕಲ್ ಶಾಪಿನವನೊಬ್ಬ ಸುಮ್ನೆ ಯಾವುದೋ ಡ್ರಾಪ್ಸ್ ಕೊಟ್ಟ. ನಾಲ್ಕು ದಿನದಲ್ಲಿ ಹುಣ್ಣು, ಕೀವು. ಹುಣ್ಣು ಮಾಗಿತು, ಹೂ ಉಳಿಯಿತು. ನೋವು ಬಂದರೆ ಹೋದರಾಯಿತು ಅಂತ ನೀನು ಕಾಯುವ ಹಾಗಿಲ್ಲ ಮಾರಾಯ, ಆ ನರ ಸತ್ತರೆ ನೋವು ಬರುವುದೇ ಇಲ್ಲ.

ಆದ್ದರಿಂದ ದಿನಾ ಹಲ್ಲುಜ್ಜುವಾಗ ಕಣ್ಣಲ್ಲಿ ಕೆಂಪಿದೆಯಾ, ಕಸ ಇದೆಯಾ ನೋಡಿಕೋ. ಆಮೇಲೆ ನಿದ್ದೆಗೆ ಜಾರಿದವರ ಹಾಗೆ ಮೆಲ್ಲಗೆ ಕಣ್ಣು ಮುಚ್ಚಿ ಮೊಬೈಲಿನಲ್ಲಿ ಫೋಟೋ ತೆಗೆ. ಬಿಗಿಯಾಗಿ ಮುಚ್ಚಬೇಡ. ಬಿಗಿದರೆ ಈಗಷ್ಟೇ ಸೋಲುತ್ತಿರುವ ರೆಪ್ಪೆಯೂ ಕೂಡಿಕೊಂಡು ಮೋಸ ಮಾಡುತ್ತದೆ. ಸಂದಿಯಲ್ಲಿ ಬಿಳಿ ಗೆರೆ ಕಂಡರೆ, ಮಚ್ಚೆ ಊದಿದರೆ, ಅದೇ ದಿನ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋಗು. ಚರ್ಮದವರಿಗೂ ಕಣ್ಣಿನವರಿಗೂ ತೋರಿಸು, ಕುಷ್ಠಕ್ಕೆ ಮಾತ್ರೆ ನಡೆಯುತ್ತಿದೆ ಅಂತ ಬಾಯಿಬಿಟ್ಟು ಹೇಳು. ಕಣ್ಣು ಕೆಂಪಾಗಿ ನೋವು ಬಂದು ಬೆಳಕು ಚುಚ್ಚಿದರೆ ಅದು ಬೇರೆ, ಕಣ್ಣಿನ ಒಳಗಿನ ಊತ. ಅದಕ್ಕೂ ಅದೇ ದಿನ. ಸ್ಟೀರಾಯ್ಡ್ ಕೊಟ್ಟರೆ ಅರ್ಧದಲ್ಲಿ ಬಿಡಬೇಡ, ಅವರೇ ಕಮ್ಮಿ ಮಾಡುತ್ತಾ ಬರುತ್ತಾರೆ.

ನಾನು ಮುಸ್ಸಂಜೆಗೂ ಕನ್ನಡಕ ಹಾಕುತ್ತೇನೆ ಅಂತ ನೀವು ಮಕ್ಕಳು ನಗುತ್ತಿದ್ದಿರಿ. ಗಾಳಿಗೆ, ಧೂಳಿಗೆ ಅದು. ಈಗಲೂ ರಸ್ತೆಯಲ್ಲಿ ಬಸ್ಸು ಕಂಡಾಗಲೆಲ್ಲ ಬೇಕಂತಲೇ ರೆಪ್ಪೆ ಬಡಿಯುತ್ತೇನೆ, ಇಲ್ಲವಾದರೆ ಕಣ್ಣು ಒಣಗುತ್ತದೆ. ರಾತ್ರಿ ಮುಲಾಮು ಹಾಕಿ ಬಟ್ಟೆ ಕಟ್ಟಿ ಮಲಗುತ್ತೇನೆ.

ನಾಳೆ ಬೆಳಗಿನ ಫೋಟೋ ನನಗೆ ವಾಟ್ಸ್ಆ್ಯಪ್ ಮಾಡು. ಒಂದು ಕಣ್ಣು ಸಾಕು ನನಗೆ ನೋಡಲು. ಮುಂದಿನ ಭಾನುವಾರ ಬಾ, ಅತ್ತೆ ಬಂಗುಡೆ ಪುಳಿಮುಂಚಿ ಮಾಡುತ್ತಾಳೆ. ಸ್ಕೂಟರಿನಲ್ಲಿ ಬರುವುದಾದರೆ ಹೆಲ್ಮೆಟ್ಟಿನ ಗ್ಲಾಸು ಇಳಿಸಿಕೊಂಡೇ ಬಾ.

ನಿನ್ನ ಮಾವ