ಮಜಾ ಅಲ್ಲ, ಮಾಯಾ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪೋಲೆಂಡ್‌ನಲ್ಲಿ ಹುಟ್ಟಿದ ಪಾಪುಗೆ Maja ಅಂತ ಹೆಸರಿಡೋ ಯೋಚನೆ ಅಂತ ಬರೆದಿದ್ದೀಯ. ಆ ಮೇಲ್‌ನ ಒಂದು ಸಾಲು ನಿದ್ದೆ ಕೆಡಿಸಿತು: "ಊರಿಗೆ ಬಂದಾಗ ಪಾಪುನ ಎಲ್ಲರೂ ಮಜಾ ಅಂತ ಕರೆದರೆ?"

ಪೋಲಿಷ್‌ನಲ್ಲಿ 'ಜೆ' ಅಂದರೆ ಯಕಾರ. ಎಂ-ಎ-ಜೆ-ಎ ಅಂತ ಬರೆದು ಮಾಯಾ ಅಂತಲೇ ಕರೀತಾರೆ. ಯಾದ್ವಿಗಾ, ಯೂಲಿಯಾ ಅನ್ನೋ ಅಲ್ಲಿನ ಹೆಸರುಗಳು ಶುರುವಾಗೋದೂ ಇದೇ ಜೆಯಿಂದ. ಮಾಯಾ ಅನ್ನೋ ಹೆಸರಿನ ಮೂಲ ಗ್ರೀಕ್ ಪುರಾಣದ್ದು: ಅವಳು ಹರ್ಮಿಸ್ ದೇವರ ತಾಯಿ, ಅಟ್ಲಾಸನ ಏಳು ಹೆಣ್ಣುಮಕ್ಕಳಲ್ಲಿ ಹಿರಿಯಳು. ಆ ಏಳು ಜನವೇ ಆಕಾಶದಲ್ಲಿ ನಮ್ಮ ಕೃತ್ತಿಕೆ! ರೋಮನ್ನರಿಗೂ ಅದೇ ಹೆಸರಿನ ದೇವತೆ ಇದ್ದಳು, ಮೇ ತಿಂಗಳಿಗೆ ಅವಳದೇ ಹೆಸರು ಅಂತಾರೆ. ಪೋಲಿಷ್‌ನಲ್ಲಿ ಮೇ ತಿಂಗಳು 'ಮಾಯ್'. ಮರಿಯಾಗಳನ್ನು ಮುದ್ದಿಗೆ ಮಾಯಾ ಅನ್ನೋದೂ ಉಂಟು. ಸಂಸ್ಕೃತದ ಮಾಯೆಗೂ ಇದಕ್ಕೂ ನಂಟಿಲ್ಲ. ಭ್ರಮೆ ಅನ್ನೋ ಅರ್ಥಕ್ಕೆ ನಿಮ್ಮತ್ತೆ ಮುಖ ಸಿಂಡರಿಸಿದರೆ, ಬುದ್ಧನ ತಾಯಿ ಮಾಯಾದೇವಿ ಅಂದುಬಿಡು.

ಮತ್ತೆ ಆ ಮಜಾಕ್ಕೇ ಬರ್ತೀನಿ. ಹೆಸರು ಕರೆಯೋದನ್ನ ಕಿವಿಯಲ್ಲಿ ಕೇಳಿದವರು ತಪ್ಪೋದಿಲ್ಲ, ಕಾಗದ ನೋಡಿ ಓದಿದವರು ತಪ್ತಾರೆ. ಜನ ಏನಂತಾರೋ ಅಂತ ಒಂದು ಹೆಸರಿನ ವಿಷಯದಲ್ಲಿ ನಾನೂ ಹಿಂದೆ ಸುಮ್ಮನಾದವಳೇ. ಆ ಕತೆ ಈಗ ಬೇಡ, ಸಂಕಟ ಮಾತ್ರ ಹೋಗಿಲ್ಲ.

ಕೇಳದಿದ್ದರೂ ಹೇಳ್ತಿದೀನಿ, ಬೇಜಾರಾಗಬೇಡ. 2015ರಿಂದ ಅಲ್ಲಿನ ಕಾನೂನು ವಿದೇಶಿ ರೂಪದ ಹೆಸರನ್ನೂ ಒಪ್ಪುತ್ತೆ, ಹಾಗಾಗಿ ಜೆ ಬದಲು ವೈ ಹಾಕಿಸಬಹುದು. ಆದರೆ ಕ್ಲಿನಿಕ್, ಶಿಶುವಿಹಾರ ಎಲ್ಲಾ ಕಡೆ "ಜೆ ಅಲ್ಲ, ವೈ" ಅಂತ ಹೇಳ್ತಾನೇ ಇರಬೇಕು. ಅಲ್ಲೇ ಬೆಳೆಯೋ ಮಗುವಾದರೆ ಜೆ ಇರಲಿ ಅನ್ನೋದು ನನ್ನ ಮನಸ್ಸು. ಎರಡು ಹೆಸರು ಇಡಬಹುದು, ಎರಡನೆಯದು ಕನ್ನಡದ್ದಾಗಲಿ.

ಆಸ್ಪತ್ರೆಯವರು ಜನನದ ಚೀಟಿ ಮಾಡಿದ ದಿನದಿಂದ 21 ದಿನದೊಳಗೆ ನೋಂದಣಿ ಆಗಬೇಕು. ತಪ್ಪಿದರೆ ಅಲ್ಲಿ ರೂಢಿಯಲ್ಲಿರೋ ಒಂದು ಹೆಸರನ್ನು ಅಧಿಕಾರಿಯೇ ಇಟ್ಟುಬಿಡ್ತಾರೆ. ಆಮೇಲೂ 6 ತಿಂಗಳವರೆಗೆ ಹೆಸರು ಬದಲಿಸೋ ಅವಕಾಶ ಇದೆ, ಅಷ್ಟು ಹೆದರಬೇಡ. ಮಗುವಿಗೆ ಭಾರತದ ಪೌರತ್ವ ಬೇಕಾದರೆ 1 ವರ್ಷದೊಳಗೆ ರಾಯಭಾರ ಕಚೇರಿಯಲ್ಲೂ ನೋಂದಾಯಿಸು. ಎರಡೂ ಕಡೆ ಅಕ್ಷರ ಒಂದೇ ಇರಲಿ, ಪಾಸ್‌ಪೋರ್ಟ್ ಹೊತ್ತಿಗೆ ಪೇಚಾಟ ತಪ್ಪುತ್ತೆ.

ಇನ್ನೊಂದು: "ಮಾಯಾಳಿಗೆ" ಅನ್ನೋಕೆ ಅಲ್ಲಿ ಎಂ-ಎ-ಐ ಅಂತಷ್ಟೇ ಬರೀತಾರೆ, ಜೆ ಮಾಯ. ಹುಟ್ಟುಹಬ್ಬದ ಕೇಕಿನ ಮೇಲೆ ಹಾಗಿದ್ದರೆ ಬೇಕರಿಯವನ ಜೊತೆ ಜಗಳಕ್ಕೆ ನಿಲ್ಲಬೇಡ. ಅದನ್ನು ಓದೋದು "ಮಾಯಿ" ಅಂತ; ನಮ್ಮಜ್ಜಿ ಇದ್ದಿದ್ದರೆ ಹಾಗೇ ಕೂಗ್ತಿದ್ದರೇನೋ.

ಬಾಣಂತಿ, ಬೆಚ್ಚಗಿರು.

ನಿನ್ನ ದೊಡ್ಡಮ್ಮ